ಹೆಬ್ಬೆರಳಿನ ಅಳತೆ

ಅಕ್ಟೋಬರ್ ರಜೆಗೆಂದು ಬೆಂಗಳೂರಿನ ಮಗನ ಮನೆಗೆ ಹೋದವಳು ಬಲಗೈ ಹೆಬ್ಬೆರಳು ಊದಿಸಿಕೊಂಡು ಮುಂಡಗೋಡಿಗೆ ವಾಪಸು ಬಂದೆ. ಬಾಗಿಲ ಸಂದಿಗೆ ಸಿಕ್ಕಿತೇ, ಕುಕ್ಕರಿನ ಹಬೆ ತಾಗಿತೇ ಎಂದು ಶಾಲೆಯಲ್ಲಿ ಎಲ್ಲರೂ ಕೇಳಿದರು. ಬೌಲಿಂಗ್ ಆಡಲು ಹೋಗಿದ್ದೆ ಎಂದೆ. ಈ ವಯಸ್ಸಿನಲ್ಲಿ ಕ್ರಿಕೆಟ್ಟೇ ಮೇಡಂ ಎಂದು ನಕ್ಕರು. ಅಲ್ಲ ಎಂದು ವಿವರಿಸಹೊರಟರೆ ಅಷ್ಟರಲ್ಲಿ ಗಂಟೆ ಬಾರಿಸಿತು.

ಪೂರ್ತಿ ಕಥೆಯನ್ನು ಕೂತು ಕೇಳಿದವರು ಅಮಾಲಾ ಒಬ್ಬರೇ. ಅವರ ಭಾಷೆಯಲ್ಲಿ ಅಮಾಲಾ ಎಂದರೆ ಅಮ್ಮ. ಹೆಸರು ಬೇರೆಯಿದೆ, ಆದರೆ ಕಾಲೊನಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮುಂಡಗೋಡಿನ ಟಿಬೆಟನ್ ಕಾಲೊನಿ 1966ರಲ್ಲಿ ಆದದ್ದು. ಅದಕ್ಕೆ ಅವರಿಟ್ಟ ಹೆಸರು ದೊಗುಲಿಂಗ್. ನಮ್ಮ ಊರಿನವರ ಬಾಯಲ್ಲಿ ಮಾತ್ರ ಅದು ಕಾಲೊನಿಯೇ. ಇಪ್ಪತ್ತು ವರ್ಷದ ಹಿಂದೆ ಮಗನಿಗೊಂದು ಸ್ವೆಟರ್ ಕೊಳ್ಳಲು ಹೋಗಿ ಆದ ಪರಿಚಯ. ಈಗ ಭಾನುವಾರ ಮಧ್ಯಾಹ್ನ ಅವರ ಜಗುಲಿಯಲ್ಲಿ ಕೂತು ಉಪ್ಪು ಬೆಣ್ಣೆ ಹಾಕಿದ ಚಹಾ ಕುಡಿಯದಿದ್ದರೆ ನನಗೆ ವಾರ ಮುಗಿದಂತೆಯೇ ಅನ್ನಿಸುವುದಿಲ್ಲ. ಆ ಚಹಾ ನನ್ನ ನಾಲಿಗೆಗೆ ಹತ್ತಲು ಒಂದು ವರ್ಷ ಬೇಕಾಯಿತು ಎನ್ನುವುದು ಬೇರೆ ಮಾತು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮಗ, ಸೊಸೆ, ಅವರ ಇಬ್ಬರು ಸ್ನೇಹಿತರು, ಜೊತೆಗೆ ನಾನು. ದೊಡ್ಡ ಮಾಲಿನ ಮೇಲಂತಸ್ತಿನಲ್ಲಿ ಕಣ್ಣು ಕೋರೈಸುವ ದೀಪಗಳ ನಡುವೆ ಎಣ್ಣೆ ಸವರಿ ನುಣ್ಣಗೆ ಮಾಡಿದ ಉದ್ದನೆಯ ಮರದ ಓಣಿಗಳು. ನಾವು ನಿಲ್ಲುವ ಗೆರೆಯಿಂದ ಅರವತ್ತು ಅಡಿ ಆಚೆ ಹತ್ತು ಗೂಟಗಳನ್ನು ಮುಕ್ಕೋನವಾಗಿ ನಿಲ್ಲಿಸಿರುತ್ತಾರೆ. ಚೆಂಡನ್ನು ಉರುಳಿಸಿ ಅವನ್ನು ಬೀಳಿಸಬೇಕು. ಚೆಂಡೆಂದರೆ ನಮ್ಮ ಮಕ್ಕಳಾಡುವ ಚೆಂಡಲ್ಲ. ಅದರ ಸುತ್ತಳತೆ ಇಪ್ಪತ್ತೇಳು ಇಂಚು, ತೂಕ ಹದಿನಾರು ಪೌಂಡಿನವರೆಗೆ, ಅಂದರೆ ಏಳು ಕೇಜಿ ದಾಟುತ್ತದೆ. ಎತ್ತಿಕೊಳ್ಳಲು ಅದರಲ್ಲಿ ಮೂರು ತೂತು. ಒಂದು ಹೆಬ್ಬೆರಳಿಗೆ, ಇನ್ನೆರಡು ಮಧ್ಯದ ಬೆರಳಿಗೂ ಉಂಗುರದ ಬೆರಳಿಗೂ. ಅಮೆರಿಕದವರು ಈ ಆಟಕ್ಕೆ 1895ರಲ್ಲೇ ಸಂಘ ಕಟ್ಟಿಕೊಂಡು ನಿಯಮ ಮಾಡಿದರಂತೆ. ಆಗ ಚೆಂಡು ಗಟ್ಟಿ ಮರದ್ದು, 1905ರ ಹೊತ್ತಿಗೆ ರಬ್ಬರಿನದು ಬಂತು, ಈಗ ಪ್ಲಾಸ್ಟಿಕ್ಕಿನ ಜಾತಿಯದು.

ಸಾಲಾಗಿ ಇಟ್ಟ ಬಣ್ಣ ಬಣ್ಣದ ಚೆಂಡುಗಳ ಮೇಲೆ ತೂಕ ಬರೆದಿತ್ತು. ಎಂಟು ಪೌಂಡಿನ ಗುಲಾಬಿ ಚೆಂಡನ್ನು ಎತ್ತಿದೆ, ತೋಳಿಗೆ ಹಿತವಾಗಿತ್ತು. ಆದರೆ ತೂತಿನಲ್ಲಿ ಹೆಬ್ಬೆರಳು ಗೆಣ್ಣಿನ ತನಕ ಹೋಗಿ ನಿಂತಿತು. ಬೆರಳು ಸಲೀಸಾಗಿ ಹೋಗುವ ತೂತು ಹುಡುಕುತ್ತ ಹೋದರೆ ಹದಿಮೂರು, ಹದಿನಾಲ್ಕು ಪೌಂಡಿನ ಚೆಂಡುಗಳು. ಅವನ್ನು ಎತ್ತಿದರೆ ಭುಜ ಕಿತ್ತು ಬರುವಂತಾಯಿತು. ಹಗುರ ಚೆಂಡು ಮಕ್ಕಳಿಗೆ, ಕೋಮಲೆಯರಿಗೆ, ಆದ್ದರಿಂದ ಅದರ ತೂತೂ ಸಣ್ಣದು. ಭಾರದ ಚೆಂಡು ಗಂಡಸರಿಗೆ, ಆದ್ದರಿಂದ ತೂತೂ ದೊಡ್ಡದು. ಇದು ಅವರ ಲೆಕ್ಕಾಚಾರ. ತೋಳಿನಲ್ಲಿ ಶಕ್ತಿ ಕಡಿಮೆಯಿದ್ದರೂ ಬೆರಳು ದಪ್ಪವಿರುವ ಒಬ್ಬ ಹೆಂಗಸು ಬರಬಹುದೆಂದು ಆ ಸಾಲು ಜೋಡಿಸಿದವರಿಗೆ ಹೊಳೆದೇ ಇಲ್ಲ. ಹಿಟ್ಟು ನಾದಿ, ರೊಟ್ಟಿ ಬಡಿದು, ಬಟ್ಟೆ ಹಿಂಡಿ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಗೆಣ್ಣು ದಪ್ಪವಾದ ನನ್ನಂಥವರು ನಮ್ಮ ಓಣಿಯಲ್ಲೇ ಎಷ್ಟು ಜನರಿಲ್ಲ!

ಗುಲಾಬಿ ಚೆಂಡನ್ನೇ ಆರಿಸಿಕೊಂಡೆ. ಬೆರಳನ್ನು ಒತ್ತಿ ತೂರಿಸಿದೆ. ಬಳೆಗಾರನ ಎದುರು ಕೈಚಾಚಿ ಬೆಳೆದವರಲ್ಲವೇ ನಾವು. ಎರಡು ಆರರ ಬಳೆ ಸರಿಯಾಗುವ ಕೈಗೆ ಎರಡು ನಾಲ್ಕರದನ್ನು ಏರಿಸಿಕೊಳ್ಳುವುದೇ ಹೆಮ್ಮೆ. ಅವನು ಹೆಬ್ಬೆರಳ ಬುಡವನ್ನು ಒಳಕ್ಕೆ ಮಡಿಸಿ ಹಿಸುಕುತ್ತಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆವು. ಅತ್ತರೆ ಅಮ್ಮ, ಕೈ ಮೆತ್ತಗೆ ಬಿಡು, ಹೋಗುತ್ತೆ ಎನ್ನುತ್ತಿದ್ದಳು. ದೊಡ್ಡ ಬಳೆ ಕೊಡು ಎಂದು ಹೇಳಬಹುದಿತ್ತು ಎಂದು ನನಗೆ ಹೊಳೆದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ.

ಎಲ್ಲರ ಹಾಗೆ ನಾನೂ ನಾಲ್ಕು ಹೆಜ್ಜೆ ನಡೆದು ಕೈ ಬೀಸಿದೆ. ಬೆರಳೆರಡು ಬಿಟ್ಟವು, ಹೆಬ್ಬೆರಳು ಬಿಡಲಿಲ್ಲ. ಚೆಂಡು ಒಂದು ಕ್ಷಣ ನನ್ನನ್ನೇ ಎಳೆದುಕೊಂಡು ಹೋಗಿ, ಆಮೇಲೆ ಟಪ್ಪೆಂದು ಬಿದ್ದು ಪಕ್ಕದ ಚರಂಡಿಗೆ ಉರುಳಿತು. ಪಕ್ಕದ ಓಣಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಮಗ ಓಡಿಬಂದು, "ಅಮ್ಮಾ, ಕೈ ಸ್ವಲ್ಪ ಸಡಿಲ ಬಿಡಬೇಕು" ಎಂದ. ಬಳೆಗಾರನೂ ಅಮ್ಮನೂ ಸೇರಿ ಮಗನ ಬಾಯಲ್ಲಿ ಮಾತಾಡಿದ ಹಾಗಾಯಿತು.

ಅಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ ಮಾತ್ರ ಬೇರೆ ಮಾತು ಹೇಳಿದ. ಐಸ್ ತಂದು ಬೆರಳಿಗೆ ಹಿಡಿಯುತ್ತ, "ತಪ್ಪು ನಿಮ್ಮ ಕೈದಲ್ಲ ಆಂಟಿ, ಚೆಂಡಿನದು" ಎಂದ. ಸ್ಪರ್ಧೆಗಳಲ್ಲಿ ಆಡುವವನಂತೆ. ತನ್ನ ಸ್ವಂತ ಚೆಂಡನ್ನು ಚೀಲದಿಂದ ತೆಗೆದು ತೋರಿಸಿದ. ಚೆನ್ನಾಗಿ ಆಡುವವರು ತೂತಿಲ್ಲದ ಚೆಂಡು ಕೊಂಡು, ತಮ್ಮ ಕೈಯ ಅಳತೆ ಕೊಟ್ಟು ಕೊರೆಸಿಕೊಳ್ಳುತ್ತಾರೆ. ಹೆಬ್ಬೆರಳು ಬುಡದ ತನಕ ಹೋಗಬೇಕು, ಒಳಗೆ ತಿರುಗಿಸಿದರೆ ಸುತ್ತಲ ಗೋಡೆ ಸವರಿದಂತಿರಬೇಕು, ಆದರೆ ಹಿಡಿಯಬಾರದು. ಬಿಗಿಯಾದರೆ ನನಗಾದಂತೆ ಆಗುತ್ತದೆ. ಸಡಿಲವಾದರೆ ಚೆಂಡು ಜಾರೀತೆಂಬ ಭಯಕ್ಕೆ ಕೈ ತಾನಾಗಿ ಹಿಂಡಿ ಹಿಡಿಯುತ್ತದೆ, ಒಂದು ತಾಸಿಗೆ ಮುಂಗೈ ಸೋತುಹೋಗುತ್ತದೆ. ಹೆಬ್ಬೆರಳಿನ ತೂತಿಗೂ ಉಳಿದೆರಡಕ್ಕೂ ನಡುವಿನ ಅಂತರಕ್ಕೂ ಅಳತೆಯಿದೆ. ಹೊಸಬರಿಗಾದರೆ ಹೆಬ್ಬೆರಳನ್ನು ಪೂರ್ತಿ ತೂರಿಸಿ, ಉಳಿದೆರಡು ಬೆರಳನ್ನು ಚೆಂಡಿನ ಮೇಲೆ ಚಾಚಿ ಮಲಗಿಸಿದಾಗ ಎರಡನೆಯ ಗೆಣ್ಣಿನ ಗೆರೆ ತೂತಿನ ಈಚೆಯ ಅಂಚನ್ನು ಕಾಲಿಂಚಿನಷ್ಟು ದಾಟಿರಬೇಕು. ಆ ಎರಡು ಬೆರಳಿಗೂ ಅಂತರ ಒಂದೇ ಇರುವುದಿಲ್ಲ. ಬೆರಳಾದರೂ ದಿನವಿಡೀ ಒಂದೇ ಗಾತ್ರದಲ್ಲಿರುತ್ತದೆಯೇ? ಸೆಖೆಗೆ ಊದುತ್ತದೆ, ಚಳಿಗೆ ಇಳಿಯುತ್ತದೆ. ಅದಕ್ಕೆ ತೂತಿನೊಳಗೆ ಟೇಪು ಅಂಟಿಸುತ್ತಾರೆ, ಬಿಗಿಯಾದರೆ ಒಂದು ಪದರ ಕೀಳುತ್ತಾರೆ. ಕೊರೆದದ್ದು ಪೂರ್ತಿ ತಪ್ಪಾಗಿದ್ದರೆ ತೂತನ್ನು ತುಂಬಿ ಮತ್ತೆ ಕೊರೆಯುವುದೂ ಉಂಟು.

ಆಸೆಯಿಂದ ಅವನ ಚೆಂಡಿಗೆ ಬೆರಳು ಹಾಕಿ ನೋಡಹೋದೆ. "ನಿಮಗೆ ಕೂರಲ್ಲ ಆಂಟಿ. ನಾನು ಎಡಗೈಯವನು" ಎಂದ. "ಕೊರೆಯುವ ಅಂಗಡಿಗೆ ಹೋದರೆ ಅವರು ಮೊದಲು ಕೇಳೋದೇ ಅದು. ಯಾವ ಕೈ ಅಂತ."

ಅಷ್ಟೇ ನೋಡಿ. ಯಾವ ಕೈ? ಆ ರಾತ್ರಿ ಬೆರಳಿನ ನೋವಿಗಿಂತ ಆ ಎರಡು ಪದ ಹೆಚ್ಚು ಕಾಡಿದವು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಎಷ್ಟೋ ಸಾವಿರ ಕೈಗಳಿಗೆ ಪೆನ್ನು ಪೆನ್ಸಿಲು ಹಿಡಿಸಿದ್ದೇನೆ. ಒಂದು ಮಗುವಿಗೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳದಿದ್ದದ್ದಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

1994. ಸರಕಾರಿ ನೌಕರಿ ಇನ್ನೂ ಸಿಕ್ಕಿರಲಿಲ್ಲ. ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ. ಮಾಸ್ತರರು ಕಡಿಮೆಯಿದ್ದುದರಿಂದ ಬಿ.ಎಡ್. ಮಾಡಿದ ನನಗೆ ಮೂರನೆಯ ತರಗತಿಯನ್ನೂ ವಹಿಸಿದ್ದರು. ಅಲ್ಲೊಬ್ಬಳು ಹುಡುಗಿ ಎಡಗೈಯಲ್ಲಿ ಬರೆಯುತ್ತಿದ್ದಳು. ಅಕ್ಷರ ದುಂಡಗಿದ್ದವು. ನಮ್ಮ ಬರಹ ಎಡದಿಂದ ಬಲಕ್ಕೆ ಹೋಗುವುದರಿಂದ ಬರೆದದ್ದರ ಮೇಲೆ ಅವಳ ಕೈಯೇ ಹರಿದು ಅಂಗೈಯ ಅಂಚು ಕಪ್ಪಾಗುತ್ತಿತ್ತು. ಅವಳ ತಾಯಿ ಬಂದು, "ಬಿಡಸ್ರಿ ಅಕ್ಕೋರೆ ಈ ಚಟಾ. ನಾಳಿ ಗಂಡನ ಮನ್ಯಾಗ ಎಡಗೈಲೆ ಬಡಿಸಿದ್ರ ನನ್ನ ಮಾರಿಗೆ ಉಗಳ್ತಾರ" ಎಂದಳು. ಅವಳು ಹೇಳದಿದ್ದರೂ ನಾನು ಬಿಡಿಸುವವಳೇ. ಎಲ್ಲ ಮಕ್ಕಳೂ ನನಗೆ ಒಂದೇ ಎನ್ನುವುದು ಆಗ ನನ್ನ ದೊಡ್ಡ ಅಭಿಮಾನ. ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ನನ್ನ ತರಗತಿಯಲ್ಲಿ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಹಾಗೆಂದ ಮೇಲೆ ಐವತ್ತು ಮಕ್ಕಳು ಬಲಗೈಯಲ್ಲಿ ಬರೆಯುವಾಗ ಇವಳೊಬ್ಬಳು ಎಡಗೈ ಏಕೆ?

ಮೊದಲು ಬುದ್ಧಿ ಹೇಳಿದೆ. ಆಮೇಲೆ ಅಡಿಪಟ್ಟಿಯಿಂದ ಗೆಣ್ಣಿಗೆ ಕೊಟ್ಟೆ. ನಾನು ಹಲಗೆಯತ್ತ ತಿರುಗಿದರೆ ಬಳಪ ಮತ್ತೆ ಎಡಗೈಗೆ ಹೋಗುತ್ತಿತ್ತು. ಒಂದು ದಿನ ಅವಳ ಜಡೆಯ ಕೆಂಪು ರಿಬ್ಬನ್ನನ್ನೇ ಬಿಚ್ಚಿ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟಿದೆ. ಗಟ್ಟಿಯಾಗಿ ಕಟ್ಟಿರಲಿಲ್ಲ, ಅವಳು ಎಳೆದರೆ ಬಿಚ್ಚುತ್ತಿತ್ತು. ಅವಳು ಎಳೆಯಲಿಲ್ಲ. ಮಧ್ಯಾಹ್ನದ ಬಿಡುವಿನವರೆಗೆ ಹಾಗೆಯೇ ಕೂತಿದ್ದಳು. ಹೀಗೆ ಎಷ್ಟು ದಿನ ಮಾಡಿದೆನೋ ನೆನಪಿಲ್ಲ, ಒಂದೇ ದಿನವಂತೂ ಅಲ್ಲ. ಸಂಕ್ರಾಂತಿಯ ಹೊತ್ತಿಗೆ ಅವಳು ಬಲಗೈಯಲ್ಲಿ ಬರೆಯತೊಡಗಿದಳು. ಅಕ್ಷರ ಇರುವೆ ಚೆಲ್ಲಿದ ಹಾಗೆ. ಮುಖ್ಯೋಪಾಧ್ಯಾಯರು ನನ್ನ ಶ್ರದ್ಧೆಯನ್ನು ಎಲ್ಲರೆದುರು ಹೊಗಳಿದರು. ಏಳನೆಯ ತರಗತಿ ಮುಗಿಸಿ ಆ ಹುಡುಗಿ ಶಾಲೆ ಬಿಟ್ಟಳು. ಅದಕ್ಕೆ ಬಡತನ ಕಾರಣವಿರಬಹುದು, ಮನೆಯ ಕೆಲಸವಿರಬಹುದು. ನನ್ನ ರಿಬ್ಬನ್ನೇ ಕಾರಣ ಎಂದು ಹೇಳಿಕೊಂಡರೆ ಅದೂ ಒಂದು ಬಗೆಯ ಜಂಬವೇ ಆದೀತು.

ಅದೇ ವರ್ಷಗಳಲ್ಲಿ ಗಾಂಧಿ ಜಯಂತಿಗೆ ನಾನು ಮಕ್ಕಳಿಗೆ ಹೇಳುತ್ತಿದ್ದ ಕಥೆಯೊಂದಿದೆ. 1909ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ ಗಾಂಧೀಜಿ ಹಡಗಿನಲ್ಲಿ ಕೂತು 'ಹಿಂದ್ ಸ್ವರಾಜ್' ಬರೆದರು, ಬಲಗೈ ದಣಿದಾಗ ಎಡಗೈಯಲ್ಲಿ ಬರೆದರು, ಆದರೆ ನಿಲ್ಲಿಸಲಿಲ್ಲ. ಎಂಥ ಛಲ ನೋಡಿ ಮಕ್ಕಳೇ! ಆ ಹುಡುಗಿ ಎರಡನೆಯ ಬೆಂಚಿನಲ್ಲಿ ಕೂತು ಈ ಕಥೆ ಕೇಳಿರಬೇಕು. ಅವಳಿಗೆ ಏನೆನ್ನಿಸಿತೋ.

ಇನ್ನೊಂದು ಲೆಕ್ಕವನ್ನೂ ಈಚೆಗೆ ಮಾಡಿಕೊಂಡೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಹತ್ತು ಜನ ಎಡಗೈಯವರು. ಐವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಜನ ಇರಬೇಕಿತ್ತು. ನಾನು ಕಂಡದ್ದು ಒಬ್ಬಳನ್ನು. ಉಳಿದವರು ಎಲ್ಲಿ ಹೋದರು? ನನ್ನ ಬಳಿ ಬರುವಷ್ಟರಲ್ಲೇ ಅಜ್ಜಿಯರ, ಅಪ್ಪಂದಿರ, ಬಾಲವಾಡಿಯ ಅಕ್ಕಂದಿರ ಕೈಯಲ್ಲಿ ಅವರೆಲ್ಲ ಸರಿಹೋಗಿದ್ದರು.

ಇಷ್ಟೆಲ್ಲ ಹೇಳಿದಾಗ ಅಮಾಲಾ ಸಮಾಧಾನ ಹೇಳಬಹುದು ಎಂದುಕೊಂಡಿದ್ದೆ. ಅವರು ಹೆಣಿಗೆ ನಿಲ್ಲಿಸದೆ, "ಕಲಿಯುವುದು ಅಂದರೆ ನೋವೇ ಅಕ್ಕೋರೆ" ಎಂದುಬಿಟ್ಟರು. ಚಿಕ್ಕ ವಯಸ್ಸಿನಲ್ಲಿ ಅವರು ಕಂಬಳಿ ನೇಯುವ ಕೆಲಸದಲ್ಲಿದ್ದವರು. ನಾವು ಬೆಲೆ ಕೇಳಿ ಹೌಹಾರುವ ಆ ಟಿಬೆಟನ್ ರತ್ನಗಂಬಳಿಗಳನ್ನು ನೇಯುವ ರೀತಿಯೇ ಬೇರೆ. ಮಗ್ಗದ ಹಾಸಿನ ಮುಂದೆ ಅಡ್ಡಲಾಗಿ ಒಂದು ಸರಳು ಹಿಡಿದು, ಉಣ್ಣೆಯ ಎಳೆಯನ್ನು ಹಾಸಿಗೂ ಸರಳಿಗೂ ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಸರಳಿನುದ್ದಕ್ಕೂ ಚಾಕು ಎಳೆದು ಕುಣಿಕೆಗಳನ್ನು ಕತ್ತರಿಸಿದರೆ ಗೊಂಡೆಯಂತೆ ಉಣ್ಣೆ ಎದ್ದು ನಿಲ್ಲುತ್ತದೆ. ಆಮೇಲೆ ಸುತ್ತಿಗೆಯಿಂದ ಬಡಿದು ಸಾಲನ್ನು ಕೂರಿಸುವುದು. ಮೊದಲ ತಿಂಗಳುಗಳಲ್ಲಿ ಬೆರಳು ಸೀಳಿ ಉಣ್ಣೆಗೆ ರಕ್ತ ಅಂಟುತ್ತಿತ್ತಂತೆ. ತೋರುಬೆರಳಿನ ಪಕ್ಕ ಇನ್ನೂ ಇರುವ ಒರಟು ಗೆರೆ ತೋರಿಸಿ, "ನನ್ನ ಬೆರಳಿನ ಅಳತೆ ಯಾರು ತಗೊಂಡರು? ಕಂಬಳಿಯೇ ಬೆರಳನ್ನು ಮಾಡಿತು" ಎಂದರು.

ನಾನು ಬಿಡಲಿಲ್ಲ. ಅದು ಎಲ್ಲರ ಬೆರಳನ್ನೂ ಒಂದೇ ಸಮನೆ ಸೀಳಿತು, ಕೆಲಸದ ಸವೆತ ಅದು. ನಾನು ಮಾಡಿದ್ದು ಒಂದು ಮಗುವಿನ ಕೈಯನ್ನೇ ಬೇಡವೆಂದದ್ದು. ಎರಡೂ ಒಂದೇ ಹೇಗಾಗುತ್ತದೆ? ಅಮಾಲಾ ಸೂಜಿ ಕೆಳಗಿಟ್ಟರು. "ನಾವು ಇಲ್ಲಿಗೆ ಬಂದಾಗ ನಾನು ಹತ್ತು ಹನ್ನೊಂದು ವರ್ಷದವಳು. ಅದಕ್ಕೆ ಮುಂಚೆ ಹಿಮಾಚಲದಲ್ಲಿ ಅಪ್ಪ ಅಮ್ಮ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದರು. ಯಾವ ಊರು ನಿಮಗೆ ಸರಿ ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಗಾಡಿ ನಿಂತಿತು, ಇಳಿದೆವು. ಕಾಡು. ಬಿಸಿಲು. ಮುದುಕರು ತಡೆಯಲಿಲ್ಲ. ಆದರೂ ಇಲ್ಲೇ ಗೋವಿನಜೋಳ ಬೆಳೆದೆವು. ಇದೇ ಊರಾಯಿತು."

ಸರಕಾರ ಕೊಟ್ಟ ಸುಮಾರು 4000 ಎಕರೆಯ ಆ ಕಾಡು ಇಂದು ಗೊಂಪಾಗಳೂ ಶಾಲೆಗಳೂ ಹೊಲಗಳೂ ಇರುವ ಊರಾಗಿದೆ. ಅಮಾಲಾ ಕೂತಿದ್ದ ಜಗುಲಿಯಿಂದ ಅದೆಲ್ಲ ಕಾಣುತ್ತಿತ್ತು. ಅದನ್ನು ಎದುರಿಗಿಟ್ಟುಕೊಂಡು ಒಂದು ರಿಬ್ಬನ್ನಿನ ದುಃಖ ತೋಡಿಕೊಳ್ಳಲು ನನಗೆ ನಾಚಿಕೆಯಾಯಿತು. ಅವರು ಉಡುವ ಚುಪಾವನ್ನೇ ನೋಡಿ, ನಮ್ಮ ಸೀರೆಯ ಹಾಗೆ ಅದಕ್ಕೂ ಕರಾರುವಾಕ್ಕಾದ ಅಳತೆ ಬೇಡ. ಸುತ್ತಿ ಹಿಂದಕ್ಕೆ ಮಡಿಸಿ ಕಟ್ಟಿಕೊಂಡರೆ ಮೈ ಇಳಿದರೂ ಏರಿದರೂ ಅದೇ ಬಟ್ಟೆ. ಹಾಗೆ ಬಾಳಿದವರು ಅವರು.

ಆದರೂ ಬಸ್ಸಿನಲ್ಲಿ ಮನೆಗೆ ಬರುವಾಗ ಮನಸ್ಸು ಒಪ್ಪಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ ಎನ್ನುವುದು ನಿಜ. ಆ ದಿನಗಳಲ್ಲಿ ಕೇಳಿದ್ದರೂ ಕೊಡಲು ತಂಪಾದ ಇನ್ನೊಂದು ಊರು ಯಾರ ಕೈಯಲ್ಲಿತ್ತು? ಇದ್ದದ್ದನ್ನು ಕೊಟ್ಟರು, ಇವರು ಅದರಲ್ಲಿ ಬದುಕಿದರು. ನನ್ನ ಕಥೆ ಹಾಗಲ್ಲ. ನನಗೆ ಕೇಳಲು ಒಂದು ಗಳಿಗೆ ಸಾಕಿತ್ತು, ಒಂದು ಕಾಸಿನ ಖರ್ಚಿರಲಿಲ್ಲ. ಅವಳನ್ನು ಬೆಂಚಿನ ಎಡತುದಿಗೆ ಕೂರಿಸಿದ್ದರೆ ಪಕ್ಕದವಳ ಮೊಣಕೈಯೂ ತಾಗುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಹೊಂದಿಕೊಳ್ಳುವುದು ಒಂದು. ದಾರಿ ಪಕ್ಕದಲ್ಲೇ ಇದ್ದರೂ ಯಾರೂ ಕೇಳದೆ ಹೊಂದಿಕೊಳ್ಳುವಂತೆ ಮಾಡುವುದು ಇನ್ನೊಂದು. ಇವೆರಡನ್ನೂ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಮದುವೆಯ ದಿನ ಕಾರಿನ ಬಾಗಿಲು ಹಾಕುವ ಮುನ್ನ ಅಮ್ಮ ನನ್ನ ಕಿವಿಯಲ್ಲಿ ಹೇಳಿದ್ದೂ ಅದನ್ನೇ, ಹೊಂದಿಕೊಂಡು ಹೋಗು ಎಂದು. ನಿಮಗೂ ಹೇಳಿರುತ್ತಾರೆ. ನಾನು ಹೊಂದಿಕೊಂಡೆ, ಕೆಟ್ಟದ್ದೇನೂ ಆಗಲಿಲ್ಲ. ಯಾವುದು ಬೇರೆ ದಾರಿಯಿಲ್ಲದ್ದು, ಯಾವುದು ಬರೀ ಯಾರೂ ಕೇಳದೇ ಇದ್ದದ್ದು ಎಂದು ಈ ವಯಸ್ಸಿನಲ್ಲಿ ಬೇರ್ಪಡಿಸಲು ಹೊರಟರೆ ಮನೆಯಲ್ಲಿ ಎಲ್ಲರಿಗೂ ತೊಂದರೆ ಅನ್ನಿ.

ಆ ಹುಡುಗಿ ಈಗ ನಲವತ್ತರ ಹತ್ತಿರದ ಹೆಂಗಸು. ಎಷ್ಟೋ ವರ್ಷದಿಂದ ಮುಂಡಗೋಡಿನ ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಾಳೆ. ನಾನು ಹೋದರೆ ಎದ್ದು ನಿಲ್ಲುತ್ತಾಳೆ, ತೂಕದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾಳೆ. ತಕ್ಕಡಿ ಹಿಡಿಯುವುದು, ಕುಂಬಳಕಾಯಿ ಸೀಳುವುದು ಎಲ್ಲ ಎಡಗೈಯಲ್ಲೇ. ಒಮ್ಮೆ ಪಕ್ಕದವಳಿಗೆ ನನ್ನನ್ನು ತೋರಿಸಿ, "ನಮ್ಮ ಅಕ್ಕೋರು. ಬಡದು ಬುದ್ಧಿ ಕಲಿಸ್ಯಾರ. ಅದಕ್ಕ ಇವತ್ತ ಸಂಘದಾಗ ನಾ ಹೆಬ್ಬಟ್ಟ ಒತ್ತಂಗಿಲ್ಲ, ಸಹಿ ಮಾಡ್ತೀನಿ" ಎಂದಿದ್ದಳು. ಆಗ ಆ ಮಾತಿಗೆ ಒಳಗೊಳಗೇ ಹಿಗ್ಗಿದ್ದೆ ಎಂಬುದನ್ನೂ ಮುಚ್ಚಿಡಬಾರದು.

ಬೆಂಗಳೂರಿನಿಂದ ಬಂದ ಮೇಲಿನ ಸಂತೆಯ ದಿನ ಅವಳ ಬಳಿ ಹೋದೆ. ಹೆಬ್ಬೆರಳಿನ ಪಟ್ಟಿ ನೋಡಿ ಏನಾತ್ರಿ ಎಂದಳು. ಹೇಳಿದೆ. ಆಮೇಲೆ ರಿಬ್ಬನ್ನಿನ ಮಾತು ತೆಗೆದೆ. ಹಾಗೆ ಮಾಡಬಾರದಿತ್ತು, ತಪ್ಪಾಯಿತು ಎಂದೆ. ಮೂರು ವಾಕ್ಯ ಹೇಳಲು ಬೆವತುಹೋದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಕ್ಕಳು. "ಅಯ್ಯ, ಅದಕ್ಕೇನ್ರಿ! ನಮ್ಮವ್ವ ಇನ್ನೂ ಬಡೀತಿದ್ಲು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಬೆಂಡೆಕಾಯಿ ಆರಿಸುತ್ತ, "ರಿಬ್ಬನ್ ಕೆಂಪಂದಲ್ರಿ ಅಕ್ಕೋರೆ, ಹಸರಂದು. ಜಾತ್ರ್ಯಾಗ ಕೊಂಡಿದ್ದು" ಎಂದಳು.

ನನ್ನ ಚೀಲದಲ್ಲಿ ಪೆನ್ನಿತ್ತು. ಲೆಕ್ಕ ಬರೆಯುವ ಅವಳ ಪುಸ್ತಕದ ಹಿಂದಿನ ಹಾಳೆ ತೆರೆದು, ಎಡಗೈಯಲ್ಲಿ ನಿನ್ನ ಹೆಸರು ಬರಿ ಎಂದೆ. ನಾಚಿಕೊಂಡಳು. ಸುತ್ತ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಮೊದಲಕ್ಷರದ ಅರ್ಧ ಸುತ್ತು ಎಳೆದಳು. ಪೆನ್ನು ನಿಂತಿತು. ಅಲ್ಲಿಂದ ಮುಂದೆ ಎತ್ತ ತಿರುಗಬೇಕೆಂದು ಆ ಕೈಗೆ ತಿಳಿಯಲಿಲ್ಲ.

"ಮರ್ತದರಿ ಇದು" ಎಂದು ಪೆನ್ನು ವಾಪಸು ಕೊಟ್ಟಳು. ಅದೇ ಕೈಯಿಂದ ತಕ್ಕಡಿ ಎತ್ತಿ, "ಅರ್ಧ ಕೇಜಿ ಹಾಕ್ಲೇನ್ರಿ?" ಎಂದಳು.